ಎರಡನೆಯ ಜೊತೆ ಕಣ್ಣು

ಬುಧವಾರ ಬೆಳಿಗ್ಗೆ ಎಂಟೂವರೆಗೆ ಕಣ್ಣಿನಂಗಡಿಯ ಹಿಂಬಾಗಿಲಿನ ಬೀಗ ತೆಗೆದು ಒಳಬಂದ ಏಲಿ ಫ್ಲೆಟ್ ಕೋಟು ಕೂಡ ಬಿಚ್ಚದೆ ನೇರ ಪರೀಕ್ಷೆಯ ಕೋಣೆಗೆ ಹೋಗಿ ಸೀಳುದೀಪದ ಗುಂಡಿ ಒತ್ತಿದಳು. ಹತ್ತಿತು. ಆರಿಸಿ ಮತ್ತೆ ಒತ್ತಿದಳು. ಮತ್ತೆ ಹತ್ತಿತು. ಯಂತ್ರದಲ್ಲಿ ದೋಷವಿರಲಿಲ್ಲ, ಇದ್ದಿದ್ದರೆ ಎಷ್ಟು ಸುಖವಾಗಿರುತ್ತಿತ್ತು. ಬಂದವರ ಗದ್ದವನ್ನು ಒಂದು ಬಟ್ಟಲಿಗೆ ಒರಗಿಸಿ, ಕಣ್ಣಿನೊಳಕ್ಕೆ ಎಳೆಯಷ್ಟು ತೆಳ್ಳನೆಯ ಬೆಳಕು ಬಿಟ್ಟು, ಕಣ್ಣಿನ ಹಿಂಬದಿಯ ಪರದೆಯವರೆಗೂ ನೋಡಬಹುದಾದ ಈ ಯಂತ್ರವನ್ನು ಸೋಮವಾರ ಮಧ್ಯಾಹ್ನ ಆರಿಸಿದ್ದವಳು ಅವಳೇ. ಆವತ್ತು ಕುರ್ಚಿಯಲ್ಲಿ ಜೆಸ್ಸಿ ಸ್ಲೇಟರ್ ಕೂತಿದ್ದಳು. ಕಡಲತೀರದ ಬಕ್ಕಿ ಊರಿನಲ್ಲಿ ಜೆಸ್ಸಿ ಸ್ಲೇಟರ್ ಅನ್ನುವವರು ಐದು ಜನ ಇದ್ದುದರಿಂದ ಇವಳ ಕಡತದ ಮೇಲೆ ಮನೆತನದ ಅಡ್ಡಹೆಸರು 'ಡೌಡಿ' ಎಂದು ಬರೆದಿತ್ತು. ನಲವತ್ತು ವರ್ಷ ಮೀನಿಗೆ ಹೊಗೆ ಕೊಡುವ ಹೊಗೆಮನೆಯಲ್ಲಿ ನಿಂತು ಮೀನು ಸೀಳಿದವಳು. ಏಲಿ ನೋಡಿ ಮುಗಿಸಿ, ಪಾಪ ಮುದುಕಿಯ ಕಣ್ಣಿಗೆ ಒಂದು ನಿಮಿಷ ಬಿಡುವು ಸಿಗಲಿ ಎಂದು ದೀಪ ಆರಿಸಿ, ಮೇಲ್ವಿಚಾರಕರನ್ನು ಕರೆಯಲು ಹೋದಳು. ಇನ್ನೆಸ್ ಬಂದರು. ಏಲಿ, “ಎರಡೂ ಕಡೆ ನರ ಚೆನ್ನಾಗಿದೆ, ಪರದೆ ಶುದ್ಧವಾಗಿದೆ” ಅಂದಳು. ಅವರು ಕುರ್ಚಿ ಎಳೆದುಕೊಂಡು ಬಗ್ಗಿದರು, ಬಲಗಣ್ಣಿಗೆ ಎಣಿಸಿದ ಹಾಗೆ ಹತ್ತು ಕ್ಷಣ, ಎಡಗಣ್ಣಿಗೆ ಹತ್ತು ಕ್ಷಣ. ನೆಟ್ಟಗಾಗಿ, “ಹೌದು, ನೀನು ಹೇಳಿದ ಹಾಗೇ ಇದೆ” ಅಂದರು. ಆಗಲೇ ಏಲಿಗೆ ದೀಪದ ಗುಂಡಿಯನ್ನು ಯಾರೂ ಒತ್ತಿಲ್ಲದ್ದು ಕಂಡದ್ದು. ಜೆಸ್ಸಿ ಕಣ್ಣುಜ್ಜಿಕೊಂಡು, “ಇವತ್ತು ನಿಮ್ಮ ದೀಪ ಚುಚ್ಚಲೇ ಇಲ್ಲ ನೋಡಿ ಮಿಸ್ಟರ್ ಇನ್ನೆಸ್. ಈ ಹುಡುಗಿದು ಸೂಜಿ ಇದ್ದಂಗಿರುತ್ತೆ” ಅಂದಳು. “ಅನುಭವ, ಜೆಸ್ಸಿ, ಅನುಭವ” ಅಂತ ಅವರು ನಕ್ಕರು. ಏಲಿಯೂ ನಕ್ಕಳು. ಎರಡು ದಿನದಿಂದ ಅವಳನ್ನು ಕೊರೆಯುತ್ತಿದ್ದುದು ಅವರ ಮಾತಲ್ಲ, ತನ್ನ ಆ ನಗು.

ಕಣ್ಣು ಪರೀಕ್ಷಿಸುವ ಲೈಸೆನ್ಸ್ ಅನ್ನುವುದು ಸುಮ್ಮನೆ ಬರುವುದಿಲ್ಲ. ಗ್ಲಾಸ್ಗೋದಲ್ಲಿ ನಾಲ್ಕು ವರ್ಷ ಓದಿ ಕರಿಗೌನು ತೊಟ್ಟು ಫೋಟೋ ತೆಗೆಸಿಕೊಂಡರೆ ಸಾಲದು. ಲೈಸೆನ್ಸ್ ಇರುವ ಒಬ್ಬರ ಕೈಕೆಳಗೆ ಒಂದು ವರ್ಷ ಕೆಲಸ ಮಾಡಬೇಕು. ತಾನು ನೋಡಿದ ಪ್ರತಿ ಕಣ್ಣನ್ನೂ ಅವರು ಇನ್ನೊಮ್ಮೆ ನೋಡಿ ಸಹಿ ಹಾಕಬೇಕು, ಮೇಲಿನವರು ಕಳಿಸುವ ಪರೀಕ್ಷಕಿ ನಾಲ್ಕು ಸಲ ಬಂದು ಕಡತ ಕೆದಕಿ ತಲೆಯಾಡಿಸಬೇಕು, ಆಮೇಲೆ ಜುಲೈಯಲ್ಲಿ ಕೊನೆಯ ಪರೀಕ್ಷೆ, ಅದಾದ ಮೇಲೆ ರಿಜಿಸ್ಟರಿನಲ್ಲಿ ಹೆಸರು. ಇವತ್ತು ನಾಲ್ಕನೆಯ ಭೇಟಿ. ಹತ್ತು ತಿಂಗಳಲ್ಲಿ ಏಲಿ ಮುನ್ನೂರ ಹನ್ನೆರಡು ಜನರ ಕಣ್ಣು ನೋಡಿದ್ದಳು, ಮುನ್ನೂರ ಹನ್ನೆರಡು ಕಡತಗಳ ಕೆಳಗೂ ಅಲಸ್ಟೇರ್ ಇನ್ನೆಸ್ ಅವರ ಉದ್ದ ಬಾಲದ ಸಹಿ ಇತ್ತು. ಎರಡು ಜೊತೆ ಕಣ್ಣು ನೋಡಿದೆ ಎಂದು ಆ ಸಹಿಯ ಅರ್ಥ. ಸೋಮವಾರ ಸಂಜೆ ಮನೆಗೆ ನಡೆಯುತ್ತಾ, ಎರಡನೆಯ ಜೊತೆ ಇರಲೇ ಇಲ್ಲ, ಊರಿಗೆ ಊರೇ ನಂಬಿಕೊಂಡದ್ದು ತನ್ನೊಬ್ಬಳ ಕಣ್ಣನ್ನು ಎಂದು ಹೊಳೆದಾಗ ಮೊದಲು ನಡುದಾರಿಯಲ್ಲೇ ನಿಂತುಬಿಟ್ಟಳು. ಆಮೇಲೆ, ಹೇಳಿದರೆ ನಾಚಿಕೆಗೇಡು, ಒಂದು ಬಗೆಯ ಸಂತೋಷವೂ ಆಯಿತು. ಯಾರ ಊರುಗೋಲೂ ಇಲ್ಲದೆ ಮುನ್ನೂರ ಹನ್ನೆರಡು! ಮಂಗಳವಾರ ಇಡೀ ದಿನ ಬಿಡುವಿದ್ದಾಗಲೆಲ್ಲ ಆ ಕಡತಗಳನ್ನು ಒಂದೊಂದಾಗಿ ತೆಗೆದು ನೆನಪಿನಲ್ಲಿ ಮತ್ತೆ ಆ ಕಣ್ಣುಗಳೊಳಕ್ಕೆ ಹೋಗಿ ಬಂದಳು. ಎಲ್ಲಿಯೂ ತಪ್ಪು ಕಾಣಲಿಲ್ಲ. ತನ್ನ ಕಣ್ಣು ಚೆನ್ನಾಗಿದೆ ಎಂದು ಅವಳಿಗೆ ಗೊತ್ತಿತ್ತು, ಚಿಕ್ಕಂದಿನಿಂದಲೂ ಗೊತ್ತಿತ್ತು. ಆದರೆ ತನಗೆ ತಾನೇ ಸಾಕ್ಷಿ ಹೇಳಿಕೊಂಡರೆ ಯಾವ ಕೋರ್ಟು ಒಪ್ಪುತ್ತದೆ?

ಅವಳ ಎದೆಯ ಮೇಲಿನ ಬಿಲ್ಲೆಯಲ್ಲಿ 'ತರಬೇತಿಯಲ್ಲಿ' ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಬಂದವರೆಲ್ಲ ಮೊದಲು ಅದನ್ನು ಓದಿ, “ಆಮೇಲೆ ದೊಡ್ಡವರು ಬಂದು ನೋಡ್ತಾರಲ್ವಾ?” ಎಂದು ಕೇಳುತ್ತಿದ್ದರು. ಏನೂ ಕಾಣುವುದಿಲ್ಲ ಅಂತ ಬಂದವರಿಗೂ ಆ ಬಿಲ್ಲೆ ಮಾತ್ರ ಹೇಗೋ ಕಾಣುತ್ತಿತ್ತು. ನೋಡ್ತಾರೆ, ನೋಡ್ತಾರೆ, ಎಂದು ಹತ್ತು ತಿಂಗಳು ಹಲ್ಲು ಕಚ್ಚಿಕೊಂಡು ನಕ್ಕಿದ್ದಾಯಿತು. ದೊಡ್ಡವರು ಬಂದು ಬಗ್ಗಿ, ಅವಳು ಹೇಳಿದ್ದನ್ನೇ ಅವರ ತೂಕದ ದನಿಯಲ್ಲಿ ಹೇಳಿದರೆ ಅದೇ ಜನ ಅಬ್ಬಾ ಎಂದು ಉಸಿರು ಬಿಡುತ್ತಿದ್ದರು. ಒಮ್ಮೊಮ್ಮೆ ಮಾತ್ರ ಇನ್ನೆಸ್ ಒಪ್ಪುತ್ತಿರಲಿಲ್ಲ. ನವೆಂಬರಿನಲ್ಲಿ ಒಬ್ಬ ದೋಣಿಯವನ ಕಣ್ಣಲ್ಲಿ ಅಂಚಿನ ಹತ್ತಿರ ಏನೋ ಮಬ್ಬು ಕಂಡು, ಏಲಿ “ಬಹುಶಃ ಏನಿಲ್ಲ, ಆದರೆ…” ಎಂದು ಎಳೆದಿದ್ದಳು. ಅವರು ಬಗ್ಗಿ ಎದ್ದು, “ಆಸ್ಪತ್ರೆಗೆ ಕಳಿಸು” ಅಂದರು. ಅಂಥವು ಒಂಬತ್ತು ಸಲ. ಒಂಬತ್ತರಲ್ಲಿ ಎರಡು ನಿಜವಾಗಿಯೂ ಕಾಯಿಲೆಯೇ ಆಗಿದ್ದವು. ಅವರ ಅನುಭವಕ್ಕೆ ಅವಳು ಮನಸ್ಸಿನಲ್ಲೇ ಕೈಮುಗಿದಿದ್ದಳು. ಈಗ ಸೀಳುದೀಪದ ಮುಂದೆ ಕೋಟು ತೊಟ್ಟುಕೊಂಡೇ ಕೂತು ಯೋಚಿಸಿದರೆ, ಅವರು ಬಗ್ಗಿದಾಗ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರೋ ಏನೋ. ನೋಡಿದರೂ ಒಂದೇ, ನೋಡದಿದ್ದರೂ ಒಂದೇ ಎಂದಾದ ಮೇಲೆ ಯಾಕೆ ತೆರೆದಿರಬೇಕು? ಅವರು ನೋಡುತ್ತಿದ್ದುದು ಅವಳ ದನಿಯನ್ನು. ದನಿ ಗಟ್ಟಿಯಿದ್ದರೆ ಸಹಿ, ದನಿ ತಡವರಿಸಿದರೆ ಆಸ್ಪತ್ರೆ. ಮೋಸ ಅಂದರೆ ಮೋಸ. ಆದರೆ ಇಂಥ ಎಚ್ಚರಿಕೆಯ ಮೋಸಗಾರನನ್ನು ಅವಳು ಕಂಡಿರಲಿಲ್ಲ.

“ಏನೇ ಹುಡುಗಿ, ಕೋಟು ಹಾಕ್ಕೊಂಡೇ ಧ್ಯಾನಕ್ಕೆ ಕೂತಿದೀಯಾ?” ನೆಟ್ಟಾ ಕೌವಿ ಬಟರಿ ಅನ್ನುವ ಬೆಣ್ಣೆರೊಟ್ಟಿಗಳ ಬಿಸಿ ಪೊಟ್ಟಣ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಇಪ್ಪತ್ತಾರು ವರ್ಷದಿಂದ ಮುಂದಿನ ಮೇಜಿನ ಒಡತಿ, ಊರಿನ ಎಲ್ಲ ಅಡ್ಡಹೆಸರುಗಳ ಲೆಕ್ಕ ಇಟ್ಟವಳು. “ತಿನ್ನು. ಪರೀಕ್ಷೆ ಮಾಡೋ ಇನ್ವರ್ನೆಸ್ಸಿನ ಆ ಹೆಂಗಸು ಬಂದಾಗ ನಿನ್ನ ಹೊಟ್ಟೆ ಗುರ್ ಅನ್ಬಾರದು. ಹೋದ್ಸಲ ಕೇಳಿಸ್ತು, ನನ್ನ ಮೇಜಿನ ತನಕ.”

“ನಂಗೆ ಹಸಿವಿಲ್ಲ.”

“ಭಯಾನಾ? ನಿಂಗಾ? ಬಂದ ಮೊದಲ ವಾರ ನಂಗೇ ಕನ್ನಡಕ ಒರೆಸೋದು ಹೇಳಿಕೊಟ್ಟೋಳು ನೀನು!” ನೆಟ್ಟಾ ಗೋಡೆಯ ಮೇಲಿನ, ದೃಷ್ಟಿ ಅಳೆಯುವ ಅಕ್ಷರದ ಪೆಟ್ಟಿಗೆಯನ್ನು ಬಟ್ಟೆಯಿಂದ ಒರೆಸುತ್ತಾ ಕೊನೆಯ ಸಾಲಿನ ಅಕ್ಷರಗಳನ್ನು ಮಗ್ಗಿಯ ಹಾಗೆ ಗುನುಗಿದಳು. ಹೊಸ ಅಂಗಡಿಗಳಲ್ಲಿ ಕಂಪ್ಯೂಟರ್ ಪರದೆ ಇರುತ್ತದೆ, ಗುಂಡಿ ಒತ್ತಿದರೆ ಅಕ್ಷರ ಬದಲಾಗುತ್ತದೆ. ಇಲ್ಲಿ ಮಾತ್ರ ಮೂವತ್ತೆಂಟು ವರ್ಷದಿಂದ ಅದೇ ಬೆಳಕಿನ ಪೆಟ್ಟಿಗೆ, ಅವೇ ಅಕ್ಷರ. ಇಲ್ಲಿ ಕೆಲಸ ಮಾಡಿದವರೆಲ್ಲರಿಗೂ ಅದು ಬಾಯಿಪಾಠ. ಏಲಿಗೆ ಒಂದು ವಾರ ಬೇಕಾಗಿತ್ತು.

ಇನ್ನೆಸ್ ಒಂಬತ್ತಕ್ಕೆ ಬಂದರು, ನಡೆದೇ ಬಂದರು. ಶರತ್ಕಾಲದಲ್ಲಿ ಕಾರು ಮಾರಿದಾಗ ವೈದ್ಯರು ನಡೆ ಅಂದಿದ್ದಾರೆ ಎಂದು ಹೇಳಿದ್ದರು, ಎಲ್ಲರೂ ಹೌದಪ್ಪ ಒಳ್ಳೆಯದು ಎಂದಿದ್ದರು. ಎತ್ತರದ ಮನುಷ್ಯ, ಅರವತ್ತನಾಲ್ಕು, ಇಸ್ತ್ರಿ ಮಾಡಿದ ಅಂಗಿ, ಬಲಗಡೆಗೆ ತುಸು ವಾಲಿದ ತಲೆ. ಆ ವಾಲುವಿಕೆಯನ್ನು ಇಷ್ಟು ದಿನ ಅವಳು ಸೌಜನ್ಯ ಎಂದುಕೊಂಡಿದ್ದಳು. ನೋಟದ ನಡುವೆ ಕಲೆ ಇದ್ದವರು ಕಲೆಯ ಪಕ್ಕದಿಂದ ಇಣುಕಿ ನೋಡುವುದು ಹಾಗೆಯೇ ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದವಳು ಅವಳೇ. ಟೀ ಸುರಿಯುವಾಗ ತೋರುಬೆರಳಿನ ತುದಿಯನ್ನು ಬಟ್ಟಲಿನ ಅಂಚಿಗೆ ಸಿಕ್ಕಿಸಿಕೊಳ್ಳುವುದು, ಕಡತ ಕೊಟ್ಟರೆ “ನೀನೇ ಓದಮ್ಮ, ನಿನ್ನ ಅಭ್ಯಾಸಕ್ಕೆ ಒಳ್ಳೇದು” ಅನ್ನುವುದು, ಬೀದಿಯಲ್ಲಿ ಯಾರು ಕೈ ಬೀಸಿದರೂ ಒಂದೇ ಅಳತೆಯ ನಗು ನಗುವುದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಊರವರ ಪರದೆಯ ಮೇಲಿನ ಸಾಸಿವೆ ಕಾಳಿನಷ್ಟು ಚುಕ್ಕೆಯನ್ನು ಹುಡುಕಿ ತೆಗೆದ ಅವಳ ಕಣ್ಣಿಗೆ ಎರಡು ಮಾರು ದೂರದಲ್ಲಿ ಆರಡಿ ಎತ್ತರದ ಮನುಷ್ಯ ಕುರುಡಾಗುತ್ತಿದ್ದುದು ಕಾಣಲಿಲ್ಲ. ಅವಳ ಹೆಮ್ಮೆಗೆ ಆದ ಏಟು ಇದು, ಮತ್ತು ಅದು ನೋಯುತ್ತಿತ್ತು.

ಹೇಳಿಬಿಡಬೇಕು ಎಂದು ಒಂಬತ್ತೂವರೆಗೆ ಅವರ ಕೋಣೆಗೆ ಹೋದಳು. “ಮಿಸ್ಟರ್ ಇನ್ನೆಸ್, ಸೋಮವಾರ…” ಎಂದು ಬಾಯಿ ತೆರೆದಳು. ಅವರು ಕೈಯೆತ್ತಿ ತಡೆದರು.

“ಇವತ್ತು ಬೇರೇನೂ ತಲೆಗೆ ಹಚ್ಕೋಬೇಡ ಏಲಿ. ಇದೊಂದು ಮುಗೀಲಿ. ಜುಲೈಲಿ ಪರೀಕ್ಷೆ ಬರೀ, ನಿನ್ನ ಕಾಗದ ಬರಲಿ. ಬಂದ ದಿನವೇ ಈ ಕುರ್ಚಿ ನಿಂದು. ನಾನು ಮನೇಲಿ ಕೂತು ರೇಡಿಯೋ ಕೇಳ್ತೀನಿ.”

“ನಾನು ಹೇಳಬೇಕಾದ್ದು…”

“ಜುಲೈ ಅಂದೆನಲ್ಲ.”

ದನಿಯಲ್ಲಿ ಕೋಪ ಇರಲಿಲ್ಲ, ಬೇಡಿಕೆಯಿತ್ತು. ಹಾಗಾದರೆ ಇವರಿಗೆ ಗೊತ್ತು, ಜೆಸ್ಸಿಯ ಮಾತು ಇವರಿಗೂ ಕೇಳಿಸಿದೆ, ತನಗೆ ಗೊತ್ತಾಗಿದೆ ಎಂದೂ ಗೊತ್ತು. ಏಲಿ ತಲೆಯಾಡಿಸಿ ಹೊರಬಂದಳು, ಆಮೇಲೆ ತಲೆಯಾಡಿಸಿದ್ದು ಅವರಿಗೆ ಕಂಡಿರಲಿಕ್ಕಿಲ್ಲ ಅನ್ನಿಸಿ ಬಾಗಿಲ ಹೊರಗೆ ನಿಂತುಕೊಂಡಳು. ನಾಲ್ಕೇ ತಿಂಗಳು. ಬಾಯಿ ಮುಚ್ಚಿಕೊಂಡಿದ್ದರೆ ಲೈಸೆನ್ಸು, ಕುರ್ಚಿ, ಬಾಗಿಲ ಮೇಲೆ ಹೆಸರು. ಬಾಯಿ ತೆರೆದರೆ ಹತ್ತು ತಿಂಗಳು ನೀರಿಗೆ, ಇವರ ಮೂವತ್ತೆಂಟು ವರ್ಷವೂ ಅದರ ಹಿಂದೆಯೇ. ಅಪ್ಪ ಏಡಿಬುಟ್ಟಿ ಎತ್ತಲು ಕಲಿಸುವಾಗ ಮೊಟ್ಟೆ ಹೊತ್ತ ಏಡಿ ಸಿಕ್ಕಿದರೆ ಯಾರು ನೋಡಲಿ ಬಿಡಲಿ ವಾಪಸ್ಸು ಹಾಕು ಎನ್ನುತ್ತಿದ್ದ. ಅವಳಿಗೆ ಆಗ ಹತ್ತು ವರ್ಷ, ಸಮುದ್ರದ ನಡುವೆ ಯಾರು ನೋಡುತ್ತಾರೆ ಎಂದು ಕೇಳಿದ್ದಕ್ಕೆ ಅಪ್ಪ ಮೂಗು ಒರೆಸಿಕೊಂಡು ಮುಂದಿನ ಬುಟ್ಟಿ ಎತ್ತಿದ್ದ. ಅವಳು ಹೋಗಿ ಕೈ ತೊಳೆದುಕೊಂಡಳು.

ಪರೀಕ್ಷಕಿ ಹೇಝೆಲ್ ರಟ್ರೇ ಹನ್ನೊಂದಕ್ಕೆ ಸರಿಯಾಗಿ ಬಂದರು. ಗಿಡ್ಡ ಹೆಂಗಸು, ಚಪ್ಪಟೆ ಬೂಟು, ಎರಡು ಕನ್ನಡಕಗಳು ಕತ್ತಿನಲ್ಲಿ ತೂಗುತ್ತಿದ್ದವು. ಕಡತಗಳ ರಾಶಿಯಿಂದ ಇಸ್ಪೀಟು ಎಳೆಯುವವರ ಹಾಗೆ ಆರನ್ನು ಎಳೆದು, ಒಂದೊಂದರ ಮೇಲೂ ಹತ್ತು ಪ್ರಶ್ನೆ ಕೇಳಿದರು. ಏಲಿ ಉತ್ತರಿಸಿದಳು. ಕಣ್ಣಿನ ಒತ್ತಡ ಯಾಕೆ ಎರಡು ಸಲ ಅಳೆದೆ, ಈ ಔಷಧ ತೆಗೆದುಕೊಳ್ಳುವವರಲ್ಲಿ ಏನು ಹುಡುಕುತ್ತೀ, ಈ ಮಗುವಿನ ಕಣ್ಣು ಒಳಗೆ ತಿರುಗಿದ್ದು ಎಂದಿನಿಂದ, ಒಂದಕ್ಕೂ ತಡವರಿಸಲಿಲ್ಲ. ಬಾಯಿ ಉತ್ತರ ಹೇಳುತ್ತಿದ್ದರೆ ಮನಸ್ಸು ಪ್ರತಿ ಪುಟದ ಕೆಳಗಿನ ಉದ್ದ ಬಾಲದ ಸಹಿಯ ಮೇಲೆ ಕೂತಿತ್ತು.

“ಒಳ್ಳೆ ಕೆಲಸ” ಎಂದು ರಟ್ರೇ ತಲೆಯೆತ್ತಿ ಇನ್ನೆಸ್ ಕಡೆ ತಿರುಗಿದರು. “ಇವೆಲ್ಲ ನೀವೂ ನೋಡಿದೀರಿ ತಾನೆ?”

“ನೋಡಿದೀನಿ” ಅಂದರು ಇನ್ನೆಸ್.

ಒಂದು ಶಬ್ದ. ಟೀ ಬಟ್ಟಲು ಕೆಳಗಿಟ್ಟಷ್ಟೇ ಸದ್ದು. ಏಲಿ ತನ್ನ ಬೂಟಿನ ತುದಿ ನೋಡುತ್ತಾ ಕೂತಳು, ಕಿವಿ ಬಿಸಿಯಾಯಿತು.

ಇನ್ನು ಉಳಿದದ್ದು ಪರೀಕ್ಷಕಿಯ ಎದುರು ಒಬ್ಬರ ಕಣ್ಣನ್ನು ಮೊದಲಿನಿಂದ ಕೊನೆಯವರೆಗೆ ಪರೀಕ್ಷಿಸಿ ತೋರಿಸುವುದು. ಅದಕ್ಕೆ ನೆಟ್ಟಾಳ ಭಾವ ಸ್ಯಾಂಡಿ ಬರಬೇಕಿತ್ತು. ಹನ್ನೆರಡಾದರೂ ಬರಲಿಲ್ಲ. ನೆಟ್ಟಾ ಫೋನು ಹಿಡಿದುಕೊಂಡು ಒಳಗೆ ಬಂದು, “ಆ ಕತ್ತೆ ಸಮುದ್ರಕ್ಕೆ ಹೋಗಿದಾನಂತೆ” ಅಂದಳು. “ಒಂದು ವಾರ ಗಾಳಿ ಇತ್ತು, ಇವತ್ತು ನೀರು ಶಾಂತವಾಗಿದೆ, ಏಡಿಬುಟ್ಟಿ ಎತ್ತದೆ ಹೆಂಗಿರಲಿ ಅಂತಾನೆ. ಬರಲಿ ಮನೆಗೆ, ಬುಟ್ಟಿ ತಲೆ ಮೇಲೆ ಹಾಕ್ತೀನಿ.”

ರಟ್ರೇ ಡೈರಿ ತೆರೆದರು. “ಹಾಗಾದ್ರೆ ಇನ್ನೊಂದು ದಿನ ಇಟ್ಕೋಬೇಕು. ನಂಗೆ ಜೂನ್ ಮೊದಲ ವಾರದ ತನಕ ಬಿಡುವಿಲ್ಲ.”

“ಜೂನ್ ಆದ್ರೆ ಜುಲೈ ಪರೀಕ್ಷೆಗೆ ಹೆಸರು ಕೊಡಕ್ಕಾಗಲ್ಲ” ಎಂದರು ಇನ್ನೆಸ್. ಆಮೇಲೆ ಅವರೇ ಎದ್ದು, ಕೋಟು ಬಿಚ್ಚಿ ಗೋಡೆಯ ಗೂಟವನ್ನು ಅಂಗೈಯಿಂದ ತಡವಿ ಹುಡುಕಿ ನೇತುಹಾಕಿ, ಪರೀಕ್ಷೆಯ ದೊಡ್ಡ ಕುರ್ಚಿಯಲ್ಲಿ ಕೂತರು. “ನನ್ನನ್ನ ನೋಡಲಿ. ನಂಗೂ ಕಣ್ಣಿದೆಯಲ್ಲ. ನಿಯಮದಲ್ಲಿ ಬೇಡ ಅಂತ ಇದೆಯಾ?”

“ಬೇಡ ಅಂತೇನಿಲ್ಲ” ಎಂದರು ರಟ್ರೇ, ತುಸು ಅನುಮಾನದಿಂದ. “ಮಾಮೂಲಿ ಹೀಗೆ ಮಾಡಲ್ಲ, ಅಷ್ಟೆ. ಸರಿ, ಶುರು ಮಾಡು ಏಲಿ. ನಾನಿಲ್ಲ ಅಂದ್ಕೋ.”

ಮೂವತ್ತೆಂಟು ವರ್ಷ ಈ ಕುರ್ಚಿಯ ಪಕ್ಕದಲ್ಲಿ ನಿಂತವರು ಅದರಲ್ಲಿ ಕೂತದ್ದನ್ನು ಏಲಿ ನೋಡಿರಲಿಲ್ಲ. ಕೂತ ಮೇಲೆ ಚಿಕ್ಕವರಾಗಿ ಕಂಡರು. ಇದು ಧೈರ್ಯವೋ ಹುಚ್ಚೋ ಎಂದು ಯೋಚಿಸಿದಳು. ಮರುಕ್ಷಣವೇ, ಎರಡೂ ಅಲ್ಲ, ಇದು ತನ್ನ ಜುಲೈ ತಿಂಗಳಿಗಾಗಿ ಅವರು ಕೊಡುತ್ತಿರುವ ಬೆಲೆ ಎಂದು ಅರ್ಥವಾಯಿತು. ಅವಳು ಕೇಳದಿದ್ದರೂ ಕೊಡುತ್ತಿದ್ದರು. ಅದಕ್ಕೆ ಸಿಟ್ಟು ಬಂತು. ಏನಾದರೂ ತೊಂದರೆ ಇದೆಯೇ ಎಂದು ಕೇಳಿದಳು. ಇಲ್ಲ ಎಂದರು. ದೂರದ್ದು, ಹತ್ತಿರದ್ದು? ಎಲ್ಲ ಚೆನ್ನಾಗಿದೆ. ಎಡಗಣ್ಣು ಮುಚ್ಚಿ, ಕಾಣುವ ಕೊನೆಯ ಸಾಲು ಓದಿ ಅಂದಳು. ಅವರು ಓದಿದರು. ಸಂಗೀತ ಮೇಷ್ಟರು ಸರಳೆ ಹೇಳುವಷ್ಟು ಸಲೀಸಾಗಿ, ಒಂದು ಅಕ್ಷರದ ಹತ್ತಿರ ಬೇಕೆಂದೇ ಸ್ವಲ್ಪ ತಡೆದು, ಆಮೇಲೆ ಸರಿಪಡಿಸಿಕೊಂಡು. ಆ ಸುಳ್ಳು ತಡೆ ಎಷ್ಟು ಚೆನ್ನಾಗಿತ್ತೆಂದರೆ ಏಲಿಗೆ ಅಳು ಬರುವಂತಾಯಿತು. ಮೂಲೆಯಲ್ಲಿ ರಟ್ರೇಯ ಪೆನ್ನು ಸರ್ ಎಂದು ಓಡುವುದು ಕೇಳಿಸಿತು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲೂ ಓದಿದರು. ಏಲಿ ಕಾಗದದ ಮೇಲೆ ಎರಡೂ ಕಣ್ಣಿಗೆ ಪೂರ್ತಿ ದೃಷ್ಟಿ ಎಂದು ಬರೆದಳು, ಏಕೆಂದರೆ ಕಿವಿಗೆ ಬಿದ್ದದ್ದು ಅದೇ.

ದೀಪದ ಗುಂಡಿ ಒತ್ತಿದಳು. ಅವರು ಗದ್ದ ಒರಗಿಸಿದರು. ಒಂದಂಗುಲ ದೂರದಿಂದ ಅವರ ಉಸಿರಿನಲ್ಲಿ ಟೀ ಮತ್ತು ಪುದೀನ ಗುಳಿಗೆಯ ವಾಸನೆ. ಬೆಳಕಿನ ಸೀಳು ಒಳಕ್ಕೆ ಹೋಯಿತು, ಅವಳೂ ಅದರ ಹಿಂದೆ ಹೋದಳು. ಇಲ್ಲಿ ಮಾತ್ರ ಅವಳಿಗೆ ಯಾವ ಭಯವೂ ಇರುತ್ತಿರಲಿಲ್ಲ. ಬಲಗಣ್ಣಿನ ಪರದೆಯ ನಡುವೆ, ಓದಲು, ಮುಖ ಗುರುತಿಸಲು ಬೇಕಾದ ಆ ಒಂದೇ ಜಾಗದಲ್ಲಿ, ಹಳೆಯ ಬಿಳಿಚುಕ್ಕೆ, ಒಣಗಿ ಗಟ್ಟಿಯಾದ ಗಾಯ, ವರ್ಷಗಳ ಹಿಂದಿನದು. ಇನ್ನು ಮಾಡುವುದೇನೂ ಇಲ್ಲ. ಎಡಗಣ್ಣಿಗೆ ಸರಿದಳು. ಅಲ್ಲಿಯೂ ಕೇಂದ್ರ ಹಳೆಯ ಚುಕ್ಕೆಗಳಿಂದ ಮಬ್ಬಾಗಿತ್ತು, ಆದರೆ ಈಗ ಅಲ್ಲಿ ಪರದೆ ಉಬ್ಬಿಯೂ ಇತ್ತು. ಉಬ್ಬಿನ ಅಂಚಿಗೆ ಒಂದು ಕೆಂಪು ಗೆರೆ ಇತ್ತು. ಗಮನವಿಟ್ಟು ನೋಡಿದಳು. ಹೊಸ ರಕ್ತ. ಕಪ್ಪಾಗದೆ, ಇನ್ನೂ ಕೆಂಪಗೇ ಇದ್ದ ರಕ್ತ. ಇದಕ್ಕೆ ಸೂಜಿಮದ್ದಿದೆ, ಬೇಗ ಹೋದರೆ. ಎರಡು ವಾರ ಕಳೆದರೆ ಇದೂ ಬಲಗಣ್ಣಿನ ಹಾದಿ ಹಿಡಿಯುತ್ತದೆ. ಜುಲೈ! ಈ ಮನುಷ್ಯ ಈ ಕಣ್ಣನ್ನು ಇಟ್ಟುಕೊಂಡು ಜುಲೈಯವರೆಗೆ ಕಾಯುವ ಮಾತಾಡುತ್ತಿದ್ದಾನೆ. ಬೆಳಿಗ್ಗೆಯಿಂದ ಅವಳನ್ನು ಆ ಕಡೆ ಈ ಕಡೆ ಎಳೆಯುತ್ತಿದ್ದ ತಕ್ಕಡಿ ಅಲ್ಲಿಗೆ ನಿಂತಿತು. ತೂಗುವುದಕ್ಕೆ ಏನೂ ಉಳಿಯಲಿಲ್ಲ.

“ಸರಿ, ಏನು ಕಂಡಿತು?” ಎಂದು ರಟ್ರೇ ಕೇಳಿದರು.

ಏಲಿ ಹೇಳಿದಳು. ಬಲಗಡೆಯದು, ಎಡಗಡೆಯದು, ಎಷ್ಟು ಅಗಲ, ಎಷ್ಟು ಹೊಸತು. ದನಿ ಎಲ್ಲಿಯೂ ತಡವರಿಸಲಿಲ್ಲ. ಮುಗಿಸಿ, “ಈ ಕಣ್ಣುಗಳು ಆ ಸಾಲನ್ನ ಓದಲಾರವು” ಅಂದಳು. “ಪೆಟ್ಟಿಗೆ ಹಳೇದು. ಅವರಿಗೆ ಬಾಯಿಪಾಠ. ನಂಗೂ ಬಾಯಿಪಾಠ.”

ರಟ್ರೇ ಎರಡು ಕನ್ನಡಕಗಳಲ್ಲಿ ಯಾವುದು ಎಂದು ತಿಳಿಯದವರ ಹಾಗೆ ಎರಡನ್ನೂ ಮುಟ್ಟಿ ನೋಡಿಕೊಂಡರು. ಎದ್ದು ಬಂದು ತಾವೂ ಕುರ್ಚಿ ಎಳೆದುಕೊಂಡು ಬಗ್ಗಿದರು. ಬಹಳ ಹೊತ್ತು ನೋಡಿದರು. ಏಲಿ ಗೋಡೆಗೆ ಒರಗಿ ನಿಂತಳು. ಹತ್ತು ತಿಂಗಳಲ್ಲಿ ಮೊದಲ ಸಲ ತಾನು ನೋಡಿದ್ದನ್ನು ಇನ್ನೊಬ್ಬರು ನೋಡುತ್ತಿದ್ದಾರೆ. ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ, ಇಷ್ಟು ದಿನದ ತನ್ನ ಧೈರ್ಯವೆಲ್ಲ ಯಾರೂ ಪರೀಕ್ಷೆ ಮಾಡದ ಧೈರ್ಯ ಎಂದು ಅವಳಿಗೆ ಆಗ ಗೊತ್ತಾಯಿತು. ರಟ್ರೇ ಎದ್ದರು. “ರಕ್ತ ಹೊಸದು” ಅಂದರು. “ನಾನಾಗಿದ್ರೆ ಆ ಗೆರೆ ತಪ್ಪಿಸಿಕೊಳ್ತಿತ್ತೋ ಏನೋ.” ಏಲಿಗೆ ಆದ ಹೆಮ್ಮೆಯನ್ನು ಅವಳು ಅಡಗಿಸಿಕೊಳ್ಳಲಿಲ್ಲ, ಅಷ್ಟು ಅವಳಿಗೆ ಸಲ್ಲಬೇಕಾದ್ದೇ.

“ಎಂದಿನಿಂದ, ಮಿಸ್ಟರ್ ಇನ್ನೆಸ್?”

“ಬಂದವರ ಕಣ್ಣೊಳಗಿಂದು ಸರಿಯಾಗಿ ಕಂಡು ಒಂದು ವರ್ಷದ ಮೇಲಾಯ್ತು.” ಅವರು ಗದ್ದವನ್ನು ಬಟ್ಟಲಿನಿಂದ ಎತ್ತಿರಲಿಲ್ಲ. “ಇವಳು ಬಂದಾಗ್ಲೇ ನಿಲ್ಲಿಸಬೇಕಿತ್ತು. ಬಂದ ಮೊದಲ ತಿಂಗಳೇ ನಂಗಿಂತ ಚೆನ್ನಾಗಿ ನೋಡಿದ್ಲು. ಇನ್ನೊಂದು ವರ್ಷ ದೂಡಿದ್ರೆ ಊರಿಗೊಬ್ಬರು ಸಿಕ್ತಾರೆ ಅಂದ್ಕೊಂಡೆ. ತಪ್ಪು ನಂದು. ಅವಳನ್ನ ಬಿಡಿ.”

“ಬಿಡೋದು ನನ್ನ ಕೈಲಿಲ್ಲ” ಎಂದರು ರಟ್ರೇ. ದನಿ ಮೆತ್ತಗಿತ್ತು, ಮಾತು ಮೆತ್ತಗಿರಲಿಲ್ಲ. “ನಾನು ಬರೀಲೇಬೇಕು. ಈ ತಿಂಗಳುಗಳು ಲೆಕ್ಕಕ್ಕೆ ಬರಲ್ಲ ಏಲಿ. ಬೇರೆ ಕಡೆ, ಬೇರೆಯವರ ಕೈಕೆಳಗೆ, ಮತ್ತೆ ಮೊದಲಿಂದ. ಗೊತ್ತು ತಾನೆ?”

“ಗೊತ್ತು. ಸೋಮವಾರದಿಂದ ಗೊತ್ತು. ಎರಡು ದಿನ ಬಾಯಿ ಮುಚ್ಕೊಂಡಿದ್ದೆ, ಅದನ್ನೂ ಬರೀರಿ.” ಏಲಿ ಎದೆಯ ಬಿಲ್ಲೆಯನ್ನು ನೆಟ್ಟಗೆ ಮಾಡಿಕೊಂಡಳು. “ಆ ಮುನ್ನೂರ ಹನ್ನೆರಡು ಜನಾನೂ ವಾಪಸ್ ಕರೀಬೇಕು. ಬೇರೆ ಯಾರಾದ್ರೂ ನೋಡಲಿ. ನಾನು ಬರೆದದ್ದು ಸರಿಯಾಗೇ ಇರುತ್ತೆ. ಆದ್ರೂ ನೋಡಲಿ.”

ಆಗ ಬಾಗಿಲಿನಲ್ಲಿ ನಿಂತಿದ್ದ ನೆಟ್ಟಾ, ಯಾವಾಗ ಬಂದು ನಿಂತಳೋ, ಒಳಗೆ ಬಂದು ಇನ್ನೆಸ್ ಅವರ ಹೆಗಲ ಮೇಲೆ ಒಂದು ಏಟು ಕೊಟ್ಟಳು. ಮೆಲ್ಲಗಲ್ಲ. “ಇಪ್ಪತ್ತಾರು ವರ್ಷ ನಿಮ್ಮ ಟೀಗೆ ಸಕ್ಕರೆ ಹಾಕಿದೀನಿ” ಅಂದಳು. “ನಂಗೊಂದು ಮಾತು ಹೇಳಬಾರದಿತ್ತಾ, ಮುದಿಯಾ?” ಆಮೇಲೆ ಮೂಗು ಒರೆಸಿಕೊಂಡು ಅಬರ್ಡೀನಿನ ಆಸ್ಪತ್ರೆಗೆ ಫೋನು ಮಾಡಲು ಹೋದಳು.

ಏಲಿ ಮೇಜಿಗೆ ಕೂತು ಆಸ್ಪತ್ರೆಗೆ ಪತ್ರ ಬರೆದಳು. ಇವತ್ತೇ ನೋಡಬೇಕು ಎಂದು ಬರೆದು ಎರಡು ಗೆರೆ ಎಳೆದಳು. ಕೊನೆಗೆ ಬಂದಾಗ ಪೆನ್ನು ನಿಂತಿತು. ಅವಳ ಸಹಿಗೆ ಬೆಲೆಯಿಲ್ಲ, ಲೈಸೆನ್ಸ್ ಇದ್ದವರು ಹಾಕಬೇಕು. ಅವಳು ರಟ್ರೇ ಕಡೆ ನೋಡಿದಳು. ರಟ್ರೇ ತಲೆಯಲ್ಲಾಡಿಸಿದರು. “ನಾನು ಹಾಕಿದ್ರೆ ನಾನೇ ನಿನ್ನ ಮೇಲ್ವಿಚಾರಕಿ ಆದ ಹಾಗೆ. ನಾನು ಬಂದಿರೋದು ಪರೀಕ್ಷೆ ಮಾಡಕ್ಕೆ. ಎರಡೂ ಆಗಕ್ಕಾಗಲ್ಲ.”

“ನನ್ನ ಲೈಸೆನ್ಸ್ ಇದೆಯಲ್ಲ” ಎಂದರು ಇನ್ನೆಸ್ ಕುರ್ಚಿಯಿಂದ. “ಸಾಯಂಕಾಲದ ತನಕ ಇರುತ್ತೆ, ಅಲ್ವಾ? ಇಲ್ಲಿ ತಾ.”

ಏಲಿ ಪತ್ರವನ್ನು ಹಲಗೆಯ ಮೇಲಿಟ್ಟು ಅವರ ತೊಡೆಯ ಮೇಲೆ ಇರಿಸಿ ಪೆನ್ನು ಕೊಟ್ಟಳು. ಅವರು ಬರೆಯಲಿಲ್ಲ. ಪೆನ್ನನ್ನು ಬೆರಳಲ್ಲಿ ತಿರುಗಿಸುತ್ತ ಕೂತರು.

“ಓದು” ಅಂದರು.

“ಎಲ್ಲಾನೂ?”

“ಎಲ್ಲಾನೂ. ಏನಿದೆ ಅಂತ ಗೊತ್ತಿಲ್ಲದೆ ಹೆಂಗೆ ಸಹಿ ಹಾಕಲಿ?”

ಅವಳು ಓದಿದಳು. ಹೆಸರು, ವಯಸ್ಸು, ಬಲಗಣ್ಣಿನ ಗಾಯ, ಎಡಗಣ್ಣಿನ ಉಬ್ಬು, ಗೆರೆ. ಅವರು ತಲೆ ವಾಲಿಸಿಕೊಂಡು, ಮೊದಲ ವಾರಗಳಲ್ಲಿ ಅವಳ ಉತ್ತರಗಳನ್ನು ಕೇಳುತ್ತಿದ್ದಷ್ಟೇ ಗಮನ ಕೊಟ್ಟು ಕೇಳಿದರು. 'ಎಡಗಣ್ಣಿನ ಹೊಸ ತೊಂದರೆ ಶುರುವಾಗಿ ಸುಮಾರು ಎರಡು ಮೂರು ವಾರಗಳಾಗಿರಬಹುದು' ಎಂಬಲ್ಲಿಗೆ ಬಂದಾಗ ಕೈಯೆತ್ತಿದರು.

“ತಪ್ಪು” ಅಂದರು. “ಎಂಟು ದಿನ. ಹೋದ ವಾರದ ಮಂಗಳವಾರ ಬೆಳಿಗ್ಗೆ. ಎದ್ದು ನೋಡಿದ್ರೆ ಬಾಗಿಲ ಚೌಕಟ್ಟು ಬಾಗಿತ್ತು. ಎಷ್ಟು ದಿನ ಅನ್ನೋದು ಮುಖ್ಯ ಏಲಿ, ಅವರು ಅದನ್ನೇ ಮೊದಲು ನೋಡೋದು. ನೀನು ನನ್ನನ್ನ ಕೇಳದೆ ಬರೆದಿದೀಯ.”

ಹತ್ತು ತಿಂಗಳಲ್ಲಿ ಅವಳ ಬರವಣಿಗೆಯಲ್ಲಿ ಅವರು ಹಿಡಿದ ಮೊದಲ ತಪ್ಪು ಅದು. ಏಲಿ ಆ ಸಾಲನ್ನು ಹೊಡೆದು ಮೇಲೆ ಎಂಟು ದಿನ ಎಂದು ಬರೆದಳು. ಆಮೇಲೆ ಅವರ ಕೈಯನ್ನು ಹಿಡಿದು, ಪೆನ್ನಿನ ತುದಿಯನ್ನು ಗೆರೆಯ ಮೇಲೆ ತಂದಿಟ್ಟಳು. ಅವರು ಸಹಿ ಹಾಕಿದರು.